ಬಾಸ್ಕಮ್‌ಗಳ ಶನಿವಾರ

ಎಲ್ಲಿಸ್ ಬಾಸ್ಕಮ್ ಸುಳ್ಳುಗಾರನಲ್ಲ. ಎದುರಿಗೆ ನಿಂತವರು ಆಸೆಯಿಂದ ಏನಾದರೂ ಕೇಳಿದರೆ ಇಲ್ಲ ಅನ್ನುವುದು ಅವನಿಗೆ ಬರುತ್ತಿರಲಿಲ್ಲ, ಅಷ್ಟೇ. ಈ ಒಂದು ಕೊರತೆಯಿಂದಾಗಿ ಜಾರ್ಜಿಯಾದ ಹಾಲಿಫೋರ್ಡ್ ಎಂಬ ಸಣ್ಣ ಊರು ಒಂದು ಬೇಸಿಗೆಯಿಡೀ ನೆಮ್ಮದಿ ಕಳೆದುಕೊಂಡಿತು, ಮತ್ತು ಒಬ್ಬ ಅತ್ತೆ ಅಳಿಯನ ಜೊತೆ ಮಾತು ಬಿಟ್ಟಳು. ಆ ಎರಡನೆಯದನ್ನು ಕೆಲವರು ಲಾಭದ ಖಾತೆಗೆ ಸೇರಿಸುತ್ತಾರೆ. ನಾವು ಯಾರ ಪರವನ್ನೂ ವಹಿಸುವುದು ಬೇಡ.

ಎಲ್ಲಿಸ್ ಊರವರ ಫ್ರಿಜ್ಜು, ವಾಷಿಂಗ್ ಮೆಷೀನುಗಳನ್ನು ರಿಪೇರಿ ಮಾಡಿಕೊಂಡು ಬದುಕುತ್ತಿದ್ದ. ಐವತ್ತೆಂಟು ವಯಸ್ಸು, ಸಣ್ಣ ಹೊಟ್ಟೆ, ಮೆತ್ತನೆಯ ದನಿ. ಅಪ್ಪ ಅಮ್ಮನಿಗೆ ಒಬ್ಬನೇ ಮಗ. ಅವನಪ್ಪನೂ ಅವರಪ್ಪನಿಗೆ ಒಬ್ಬನೇ ಮಗ. ಹಿರಿಯರೆಲ್ಲ ತೀರಿಕೊಂಡ ಮೇಲೆ ಆ ಜಿಲ್ಲೆಯಲ್ಲೆಲ್ಲ ಬಾಸ್ಕಮ್ ಅಂತ ಉಳಿದವರು ಅವನು ಮತ್ತು ಅವನನ್ನು ಕಟ್ಟಿಕೊಂಡ ವರ್ನೆಟ್ಟಾ. ಮಕ್ಕಳಾಗಲಿಲ್ಲ.

ಬೇರೆ ಊರಲ್ಲಾಗಿದ್ದರೆ ಇದು ಅಂಥ ದೊಡ್ಡ ಸಂಗತಿಯಲ್ಲ. ಹಾಲಿಫೋರ್ಡಿನಲ್ಲಿ ಬೇಸಿಗೆಯ ಒಂದೊಂದು ಶನಿವಾರವೂ ಒಂದೊಂದು ಮನೆತನದ ಸೊತ್ತು. ಆ ದಿನ ಡೆಟ್ರಾಯಿಟ್, ಚಿಕಾಗೊ ಅಂತ ಎಲ್ಲೆಲ್ಲೋ ಚದುರಿಹೋದವರೆಲ್ಲ ಊರಿಗೆ ಬಂದು, ಒಂದೇ ಬಣ್ಣದ ಟೀ ಶರ್ಟ್ ತೊಟ್ಟು, ಪಾರ್ಕಿನ ಮಂಟಪದಲ್ಲಿ ಸೇರಿ, ಸಂಜೆಯವರೆಗೆ ತಿಂದು, ಹಾಡಿ, ಜಗಳವಾಡಿ, ಅಳುತ್ತಾ ಬೀಳ್ಕೊಳ್ಳುತ್ತಾರೆ. ಜುಲೈ ತಿಂಗಳ ಎರಡನೇ ಶನಿವಾರ ಪ್ರೂಯಿಟ್ ಮನೆತನದ್ದು, ಅಂದರೆ ವರ್ನೆಟ್ಟಾಳ ತವರಿನದು. ಅವರದು ಹಳದಿ ಶರ್ಟ್. ಮದುವೆಯಾದಾಗಿನಿಂದ ಎಲ್ಲಿಸ್ ಪ್ರತಿವರ್ಷ, ಬೆನ್ನ ಮೇಲೆ ‘ಪ್ರೂಯಿಟ್’ ಎಂದು ಬರೆದ ಆ ಹಳದಿ ಶರ್ಟ್ ತೊಟ್ಟು ಐಸ್ ಪೆಟ್ಟಿಗೆ ಹೊತ್ತಿದ್ದಾನೆ. ಪ್ರತಿವರ್ಷ ಯಾರಾದರೊಬ್ಬರು ಕೈಯಲ್ಲಿದ್ದ ಕೋಳಿಯ ಕಾಲನ್ನು ಅವನ ಕಡೆ ಚಾಚಿ, “ಅವನು ಯಾರ ಗಂಡ?” ಅಂತ ಕೇಳಿದ್ದಾರೆ. ಯಾರಾದರೂ ವಿಚಾರಿಸಿದರೆ ಅವನು ತನಗೇನೂ ಬೇಜಾರಿಲ್ಲ ಅನ್ನುತ್ತಿದ್ದ. ಬೇಜಾರಿತ್ತು. ಬಹಳ ಬೇಜಾರಿತ್ತು.

ಮೇ ತಿಂಗಳ ಒಂದು ಬೆಳಗ್ಗೆ ಅವನು, ಊರವರು ಲೆಮ್ ಅನ್ನುವ ಲೆಮ್ಯುಯೆಲ್‌ನ ಕ್ಷೌರದಂಗಡಿಯಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ. ಅಲ್ಲಿಯ ಗೋಡೆಯ ತುಂಬ ಹೆಸರಾಂತವರ ಫೋಟೋಗಳು. ಅದರಲ್ಲಿ ಮೂವರು ಬಾಸ್ಕಮ್‌ಗಳು. ಬೇಸ್‌ಬಾಲಿನಲ್ಲಿ ಚೆಂಡು ಎಸೆದು ಎದುರಾಳಿಗಳಿಗೆ ಊಟ ಸೇರದಂತೆ ಮಾಡಿದ್ದ ಕಾಲ್ವಿನ್ ಬಾಸ್ಕಮ್. ಬ್ಲೂಸ್ ಎಂಬ ಶೋಕದ ಹಾಡು ಹಾಡಿ ದೇಶಕ್ಕೆ ದೇಶವನ್ನೇ ಅಳಿಸಿದ್ದ ಓರಾ ಲೀ ಬಾಸ್ಕಮ್. ಬ್ಯಾಂಜೋ ಬಾರಿಸುವ ಡೇಲ್ ಬಾಸ್ಕಮ್. ಮೊದಲಿಬ್ಬರು ಎಲ್ಲಿಸ್‌ನಂತೆ ಕರಿಯರು, ಡೇಲ್ ಬಿಳಿಯ. ಲೆಮ್ ಮೂವರನ್ನೂ ಒಂದೇ ಸಾಲಿನಲ್ಲಿ ತೂಗುಹಾಕಿದ್ದ. ಹೆಸರು ಒಂದಾದ ಮೇಲೆ ಸಾಲೂ ಒಂದೇ ಇರಲಿ ಅನ್ನುವುದು ಅವನ ಲೆಕ್ಕ.

ಪಕ್ಕದ ಕುರ್ಚಿಯಲ್ಲಿ ಅಟ್ಲಾಂಟಾದ ಕಡೆಯ ಷೂ ವ್ಯಾಪಾರಿಯೊಬ್ಬ ಗಡ್ಡ ಹೆರೆಸಿಕೊಳ್ಳುತ್ತಿದ್ದ. ಎಲ್ಲಿಸ್‌ನ ಹೆಸರು ಕಿವಿಗೆ ಬಿದ್ದದ್ದೇ ಎದ್ದು ಕೂತ.

“ಬಾಸ್ಕಮ್ಮಾ? ಕಾಲ್ವಿನ್ ಬಾಸ್ಕಮ್‌ಗೆ ನೆಂಟರೇನಪ್ಪಾ ನೀವು?”

ಆ ಸೀಮೆಯಲ್ಲಿ ಹೊಸಬರ ಆರೋಗ್ಯ ವಿಚಾರಿಸುವ ಮೊದಲೇ ನೀವು ಯಾರ ಕಡೆಯವರು ಅಂತ ಕೇಳುತ್ತಾರೆ. ಅದಕ್ಕೆ ಮುಖಕ್ಕೆ ಹೊಡೆದ ಹಾಗೆ ಅಲ್ಲ ಅಂದುಬಿಡುವುದು ಮರ್ಯಾದೆಯಲ್ಲ. ‘ಇದ್ದರೂ ಇರಬಹುದು, ನಮ್ಮಜ್ಜಿ ಏನೋ ಹೇಳ್ತಿದ್ದಳು’ ಅನ್ನಬೇಕು. ಎಲ್ಲಿಸ್ ಅಷ್ಟೇ ಅನ್ನುವುದರಲ್ಲಿದ್ದ. ಆದರೆ ಲೆಮ್ ಕತ್ತರಿ ಆಡಿಸುತ್ತಾ ನಡುವೆ ಬಾಯಿ ಹಾಕಿದ.

“ಇವನಿಗೆಲ್ಲಿಂದ ಬರ್ಬೇಕು ಸ್ವಾಮೀ ನೆಂಟ್ರು? ಇವನು ಪ್ರೂಯಿಟ್‌ಗಳ ಐಸ್ ಹೊರೋನು.”

ಅಂಗಡಿಯೆಲ್ಲ ನಕ್ಕಿತು. ಎಲ್ಲಿಸ್ ಕೂಡ ನಕ್ಕ. ನಕ್ಕ ಮೇಲೆ ಅವನ ಬಾಯಿಂದ ಒಂದು ಮಾತು ಬಂತು. ಅದು ಎಲ್ಲಿಂದ ಬಂತೆಂದು ಅವನಿಗೆ ಇವತ್ತಿಗೂ ತಿಳಿಯದು.

“ನಮ್ಮ ಕಾಲ್ವಿನ್ನಾ? ಜುಲೈನಲ್ಲಿ ನಮ್ಮ ಬಾಸ್ಕಮ್‌ಗಳ ಕೂಟ ಇದೆ. ಬಿಡುವಾದ್ರೆ ಬರ್ತೀನಿ ಅಂದಿದಾನೆ.”

ಕತ್ತರಿ ನಿಂತಿತು. ಷೂ ವ್ಯಾಪಾರಿ ಸೋಪಿನ ಮುಖದಲ್ಲೇ ಎದ್ದು ಬಂದು ಎಲ್ಲಿಸ್‌ನ ಕೈ ಕುಲುಕಿದ.

“ಜುಲೈನಲ್ಲಾ? ಮಂಟಪ ಹಿಡಿದಿದೀಯೇನೋ?” ಎಂದ ಲೆಮ್, ಕನ್ನಡಿಯಲ್ಲೇ ಅವನನ್ನು ದಿಟ್ಟಿಸುತ್ತಾ.

“ಇವತ್ತು ಹೋಗೋಣ ಅಂತಿದ್ದೆ,” ಎಂದ ಎಲ್ಲಿಸ್.

“ಹೋಗಯ್ಯಾ ಮತ್ತೆ. ನಾನೂ ಬರ್ತೀನಿ.”

ಒಂದು ಕಡೆಯ ಕೂದಲು ಮಾತ್ರ ಕತ್ತರಿಸಿಕೊಂಡ ಎಲ್ಲಿಸ್, ಪಾರ್ಕಿಗೆ ಹೋಗುವ ದಾರಿಯಲ್ಲಿ ಒಂದು ಉಪಾಯ ಹೂಡಿದ. ಜುಲೈ ಎರಡನೇ ಶನಿವಾರವನ್ನೇ ಕೇಳುವುದು. ಅದು ಪ್ರೂಯಿಟ್‌ಗಳದೆಂದು ಊರಿಗೆಲ್ಲ ಗೊತ್ತು. ಖಾಲಿ ಇಲ್ಲ ಅನ್ನುತ್ತಾರೆ. ಛೇ, ಈ ವರ್ಷ ಆಗಲಿಲ್ಲವಲ್ಲ ಎಂದು ತಲೆ ಆಡಿಸಿ ಮನೆಗೆ ಹೋಗುವುದು. ಅವನು ಅಷ್ಟು ಜಾಣತನದಿಂದ ಯೋಚಿಸಿದ್ದು ಜೀವನದಲ್ಲಿ ಅದೊಂದೇ ಸಲ, ಮತ್ತು ಅದರ ಫಲವನ್ನು ನೋಡಿದ ಮೇಲೆ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಪಾರ್ಕಿನ ಕಚೇರಿಯಲ್ಲಿ ಡಾರ್ಲೀನ್ ಎಂಬ ಬಿಳಿ ಹೆಂಗಸು ಫ್ಯಾನಿನ ಮುಂದೆ ಕೂತಿದ್ದಳು. ಎಲ್ಲಿಸ್ ಜುಲೈ ಎರಡನೇ ಶನಿವಾರ ಮಂಟಪ ಬೇಕೆಂದು ಹೆಸರು ಹೇಳಿದ. ಹೆಸರು ಕೇಳಿದವಳೇ ಕನ್ನಡಕ ತೆಗೆದಳು.

“ಬಾಸ್ಕಮ್ ಅಂದ್ರೆ… ನಮ್ಮ ಡೇಲ್ ಬಾಸ್ಕಮ್ಮು?”

ಎಲ್ಲಿಸ್ ತನ್ನ ಕೈಯ ಬಣ್ಣವನ್ನು ಒಮ್ಮೆ ನೋಡಿಕೊಂಡ. ಡಾರ್ಲೀನ್ ಕೂಡ ನೋಡಿದಳು. ಆದರೆ ಅವಳ ಕಣ್ಣಿನಲ್ಲಿ ಅಷ್ಟೊಂದು ಆಸೆಯಿತ್ತು.

“ದೂರದ ಸಂಬಂಧ, ಮಿಸ್ ಡಾರ್ಲೀನ್,” ಎಂದ.

“ಅಯ್ಯೋ ದೇವ್ರೇ! ನನ್ನ ಮದ್ವೇಲಿ ಕುಣಿದಿದ್ದೇ ಅವನ ಬ್ಯಾಂಜೋಗೆ. ಅವನೂ ಬರ್ತಾನಾ?”

“ಇವ್ರ ಕಡೇಲಿ ಎಲ್ಲಾ ಬಣ್ಣದೋರೂ ಬರ್ತಾರಮ್ಮ,” ಎಂದ ಲೆಮ್, ಅವನಿಗೂ ಈಗ ರುಚಿ ಹತ್ತಿತ್ತು.

“ಎರಡನೇ ಶನಿವಾರ ತಾನೇ? ಆಯ್ತು, ನಿಮ್ದೇ,” ಎಂದಳು ಡಾರ್ಲೀನ್.

“ಆದ್ರೆ ಅವತ್ತು ಪ್ರೂಯಿಟ್‌ಗಳು…” ಎಂದ ಎಲ್ಲಿಸ್, ಮುಳುಗುವ ದನಿಯಲ್ಲಿ.

“ಅವ್ರು ಬಂದು ಕೇಳ್ಬೇಕಲ್ಲ ಮಿಸ್ಟರ್ ಬಾಸ್ಕಮ್? ಈ ವರ್ಷ ಯಾರೂ ಬಂದಿಲ್ಲ. ಹೋದ ವರ್ಷಾನೂ ಬಂದಿರ್ಲಿಲ್ಲ. ಸುಮ್ನೆ ಬಂದು ಕೂತ್ಕೊಂಡ್ರು.”

ಅದು ನಿಜ. ಎಲ್ಲಿಸ್‌ನ ಅತ್ತೆ ಯೂಡೋರಾ ಪ್ರೂಯಿಟ್ ಎಂದೂ ಮಂಟಪವನ್ನು ಕೇಳಿದವಳಲ್ಲ. ದೇವರು ಆರು ದಿನದಲ್ಲಿ ಲೋಕ ಮಾಡುವಾಗಲೇ ಆ ಶನಿವಾರವನ್ನು ತಮ್ಮವರಿಗೆ ಎತ್ತಿಟ್ಟಿದ್ದಾನೆಂದು ಅವಳ ನಂಬಿಕೆ. ಚರ್ಚಿನ ಮುಂದಿನ ಸಾಲಿನಲ್ಲಿ ಬಿಳಿ ಹ್ಯಾಟು ಇಟ್ಟು ಕೂರುವ ಹಿರಿಯಮ್ಮ ಅವಳು. ಊರೆಲ್ಲ ಅವಳನ್ನು ಮದರ್ ಪ್ರೂಯಿಟ್ ಅಂತಲೇ ಕರೆಯುತ್ತಿತ್ತು, ಪಾದ್ರಿಯೂ ಸೇರಿ.

ಎಲ್ಲಿಸ್ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸಂಜೆ ಮದರ್ ಪ್ರೂಯಿಟ್ ಬಂದಳು. ವಾರದ ನಡುವೆ ಬಿಳಿ ಹ್ಯಾಟು ಇಟ್ಟುಕೊಂಡು ಬಂದಿದ್ದಳು. ಕೂರಲಿಲ್ಲ, ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

“ಆಲೂಗಡ್ಡೆ ಸಲಾಡ್ ಯಾರು ಮಾಡ್ತಾರಪ್ಪಾ?”

ಅಲ್ಲಿಯ ಕೂಟಗಳಲ್ಲಿ ಕರಿದ ಕೋಳಿಯನ್ನು ಯಾರು ಬೇಕಾದರೂ ತರಬಹುದು, ಪುಡ್ಡಿಂಗನ್ನು ಸೊಸೆಯಂದಿರಿಗೂ ಬಿಡುತ್ತಾರೆ. ಆಲೂಗಡ್ಡೆ ಸಲಾಡ್ ಹಾಗಲ್ಲ. ಅದನ್ನು ಮಾಡುವ ಹಕ್ಕು ಮನೆತನದ ಒಬ್ಬ ಹಿರಿಯಳದು. ಅವಳು ಸತ್ತರೂ ವರ್ಷವೊಂದು ಸಲಾಡ್ ಇಲ್ಲದೆ ಉಣ್ಣುತ್ತಾರೆ, ಕಂಡವರ ಕೈಗೆ ಕೊಡುವುದಿಲ್ಲ. ಸಲಾಡ್ ಮಾಡುವವಳಿಲ್ಲದ ಮನೆತನ ಮನೆತನವೇ ಅಲ್ಲ.

“ನಮ್ಮ ಕಡೆಯೋರೊಬ್ರು ತರ್ತಾರೆ, ಮದರ್.”

“ಯಾರು?”

“ದೂರದೋರು.”

“ದೂರದೋರು,” ಎಂದಳು ಮದರ್ ಪ್ರೂಯಿಟ್. “ಈ ಬಿಸಿಲಲ್ಲಿ, ದೂರದಿಂದ, ಆಲೂಗಡ್ಡೆ ಸಲಾಡ್.” ಅಷ್ಟು ಹೇಳಿ ಹೋದಳು. ಅಂದಿನಿಂದ ಅಳಿಯನ ಜೊತೆ ಮಾತಿಲ್ಲ.

ಅವಳು ಹೋದ ಮೇಲೆ ವರ್ನೆಟ್ಟಾ ಬಾಗಿಲು ಹಾಕಿ ಗಂಡನ ಮುಂದೆ ಕೂತಳು.

“ಕಾಲ್ವಿನ್ ಬಾಸ್ಕಮ್ ನಿಂಗೆ ಗೊತ್ತಾ?”

“ಇಲ್ಲ.”

“ಓರಾ ಲೀ?”

“ರೇಡಿಯೋದಲ್ಲಿ ಕೇಳಿದೀನಿ.”

“ಮತ್ಯಾಕಯ್ಯಾ ಹಂಗಂದೆ? ನಿನ್ನ ತಲೇಲಿ ಏನಿದೆ?”

“ಒಂದೇ ಒಂದ್ಸಲ, ವರ್ನಿ, ನನ್ನ ಹೆಸ್ರಿರೋ ಶರ್ಟ್ ಹಾಕ್ಕೊಂಡು ನನ್ನೋರ ಜೊತೆ ಕೂತ್ಕೋಬೇಕು ಅನ್ನಿಸ್ತು. ಅಷ್ಟೇ.”

ಮರುದಿನ ವರ್ನೆಟ್ಟಾ ಪೇಟೆಗೆ ಹೋಗಿ, ‘ಬಾಸ್ಕಮ್’ ಎಂದು ಬರೆದ ನೀಲಿ ಶರ್ಟುಗಳನ್ನು ಮಾಡಿಸಲು ಹೇಳಿ ಬಂದಳು. ಎಷ್ಟು ಬೇಕೆಂದು ಅಂಗಡಿಯವನು ಕೇಳಿದಾಗ, ಎರಡು ಅನ್ನಲು ನಾಚಿಕೆಯಾಗಿ, ಒಂದು ಪೆಟ್ಟಿಗೆ ತುಂಬ ಅಂದಳು.

ಇನ್ನು ಊರು ಸುಮ್ಮನಿರಲಿಲ್ಲ. ಭಾನುವಾರ ಬೆಳಗಿನ ಭಜನೆಯ ರೇಡಿಯೋ ಕಾರ್ಯಕ್ರಮದಲ್ಲಿ, ಲೆಮ್‌ನ ಕೃಪೆಯಿಂದ, ಹೀಗೊಂದು ಪ್ರಕಟಣೆ ಬಂತು: ಕಾಲ್ವಿನ್, ಓರಾ ಲೀ, ಡೇಲ್ ಇವರೆಲ್ಲರ ನೆಂಟನಾದ ಬ್ರದರ್ ಎಲ್ಲಿಸ್ ಬಾಸ್ಕಮ್ ಕೂಟ ಕರೆದಿದ್ದಾರೆ, ಆ ಹೆಸರಿನವರು ಎಲ್ಲಿದ್ದರೂ ಬರಬೇಕು. ಆ ರೇಡಿಯೋ ಅಲಬಾಮಾ, ಟೆನೆಸ್ಸಿಯವರೆಗೂ ಕೇಳಿಸುತ್ತದೆಂದು ಯಾರಿಗೂ ನೆನಪಿರಲಿಲ್ಲ. ಮೇಯರು ಶಾಲೆಯ ಬ್ಯಾಂಡಿಗೆ ಓರಾ ಲೀಯ ಹಾಡು ಕಲಿಸಿ ಎಂದು ಅಪ್ಪಣೆ ಕೊಟ್ಟರು. ಅದು ಗಂಡ ಬಿಟ್ಟುಹೋದ ಹೆಂಗಸಿನ ಹಾಡು, ಟ್ರಂಪೆಟ್ಟು ಡೋಲುಗಳಲ್ಲಿ ಅದು ಗಂಡ ಹೋದದ್ದಕ್ಕೆ ಸಂಭ್ರಮ ಪಟ್ಟ ಹಾಗೆ ಕೇಳಿಸುತ್ತಿತ್ತು. ಪಾದ್ರಿ ಎರಡು ವಾರ ಯೋಚಿಸಿ, ನೆರೆಯವನ ಜಾಗಕ್ಕೆ ಆಸೆಪಡಬಾರದು ಎಂಬ ವಿಷಯದ ಮೇಲೆ ಉಪದೇಶ ಕೊಟ್ಟರು. ಬಿಳಿ ಹ್ಯಾಟು ಮೂರು ಸಲ “ಆಮೆನ್” ಅಂದಿತು. ಇಡೀ ಚರ್ಚು ಎಲ್ಲಿಸ್‌ನ ಕತ್ತಿನ ಹಿಂಭಾಗ ನೋಡಿತು.

ಆ ಶನಿವಾರ ಬಂತು. ಎಲ್ಲಿಸ್ ನೀಲಿ ಶರ್ಟ್ ತೊಟ್ಟು ಬೆಳಗ್ಗೆಯೇ ಮಂಟಪದ ಉದ್ದನೆಯ ಮೇಜಿನ ತುದಿಯಲ್ಲಿ ಕೂತ. ಪಕ್ಕದಲ್ಲಿ ವರ್ನೆಟ್ಟಾ, ಅವಳೂ ನೀಲಿ. ಮುಂದೆ ಒಂದು ಬುಟ್ಟಿ ಕರಿದ ಕೋಳಿ. ಎದುರಿನ ಪೆಕಾನ್ ಮರಗಳ ಕೆಳಗೆ, ಅರೆ ಬಿಸಿಲು ಅರೆ ನೆರಳಿನಲ್ಲಿ, ಪ್ರೂಯಿಟ್‌ಗಳ ಹಳದಿ ಸೈನ್ಯ ಜಮಖಾನ ಹಾಸಿ ಕೂತಿತ್ತು. ನಡುವೆ ಮದರ್ ಪ್ರೂಯಿಟ್ ಬೀಸಣಿಗೆ ಆಡಿಸುತ್ತಾ ಮಂಟಪದ ಕಡೆಗೇ ಮುಖಮಾಡಿದ್ದಳು. ಬ್ಯಾಂಡಿನವರು ಬಂದು ನಿಂತರು. ಡಾರ್ಲೀನ್ ಹೊಸ ಲಂಗ ತೊಟ್ಟು ಬಂದಳು. ಲೆಮ್ ಅಂಗಡಿ ಮುಚ್ಚಿ ಬಂದ.

ಹತ್ತು ಗಂಟೆಯಾಯಿತು. ಹನ್ನೊಂದಾಯಿತು.

“ಟ್ರಾಫಿಕ್ ಇರ್ಬೇಕು,” ಎಂದ ಎಲ್ಲಿಸ್. ಹಾಲಿಫೋರ್ಡಿನ ದಾರಿಯಲ್ಲಿ ಹಿಂದಿನ ರಾತ್ರಿಯಿಂದ ಒಂದು ನಾಯಿ ಮಲಗಿತ್ತು, ಅದಿನ್ನೂ ಎದ್ದಿರಲಿಲ್ಲ.

“ಎದ್ದು ಮನೆಗೆ ಹೋಗೋಣ ಬಾ,” ಎಂದಳು ವರ್ನೆಟ್ಟಾ ಮೆಲ್ಲಗೆ. “ಹೊಟ್ಟೆನೋವು ಅಂತ ಹೇಳ್ತೀನಿ.”

ಎಲ್ಲಿಸ್ ಬೇಡವೆಂದು ತಲೆಯಾಡಿಸಿದ. ಅವನಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತಿತ್ತು.

ಆಗ ಆ ನಾಯಿ ಎದ್ದಿತು. ಟೆನೆಸ್ಸಿ ನಂಬರಿನ ಒಂದು ವ್ಯಾನು ಬಂದು ನಿಂತು, ಅದರಿಂದ ಗಂಡ, ಹೆಂಡತಿ, ಮಕ್ಕಳು, ಇಬ್ಬರು ಅಜ್ಜಿಯರು, ಒಂದು ಹಬೆಯಾಡುವ ಪಾತ್ರೆ ಇಳಿದವು. ಗಂಡ ತೋಳು ಚಾಚಿ ನೇರವಾಗಿ ಎಲ್ಲಿಸ್ ಮೇಲೆ ಬಿದ್ದ.

“ಎಲ್ಲಿಸ್ ಅಣ್ಣಾ! ನಾನು ಡ್ವೈಟ್ ಬಾಸ್ಕಮ್, ಚಟನೂಗಾದಿಂದ, ಬಸ್ ಓಡಿಸ್ತೀನಿ. ಕಾಲ್ವಿನ್ ಬಂದ್ನಾ?”

“ಇನ್ನೂ… ಇಲ್ಲ.”

“ಪರ್ವಾಗಿಲ್ಲ ಬಿಡು. ನಮ್ಮ ಡಿಪೋದಲ್ಲಿ ಎಲ್ರಿಗೂ ಅವನು ನನ್ನ ಕಸಿನ್ ಅಂತ ಹೇಳ್ಬಿಟ್ಟಿದೀನಿ. ಒಂದು ಫೋಟೋ ಆದ್ರೂ ಬೇಕು, ಇಲ್ದಿದ್ರೆ ಕೆಲ್ಸಕ್ಕೆ ಹೋಗೋಕಾಗಲ್ಲ. ಹೆಂಗೂ ನಿನಗೆ ಹತ್ರದೋನಲ್ವಾ?”

ಎಲ್ಲಿಸ್ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಕಾರು. ಆಮೇಲೆ ಮತ್ತೊಂದು. ಮೇಕನ್‌ನಿಂದ ಬಂದ ಶಾಲೆಯ ಮೇಡಂ ಒಬ್ಬಳು ಓರಾ ಲೀ ಎಲ್ಲಿ ಎಂದು ಕೇಳಿದಳು, ಅವಳ ಮಕ್ಕಳು ತಾವೂ ಅದೇ ರಕ್ತವೆಂದು ಹೇಳಿಕೊಂಡು ಚರ್ಚಿನಲ್ಲಿ ಹಾಡುತ್ತಿದ್ದರಂತೆ. ಉತ್ತರದ ಗುಡ್ಡಗಾಡಿನಿಂದ ವೆಂಡೆಲ್ ಬಾಸ್ಕಮ್ ಎಂಬ ಎತ್ತರದ ಬಿಳಿ ಮುದುಕ ಪಿಟೀಲಿನ ಪೆಟ್ಟಿಗೆ ಹಿಡಿದು ಇಳಿದ. ಟ್ರ್ಯಾಕ್ಟರ್ ಮಾರುವವನು. ಮಂಟಪದ ಒಳಗೆ ಇಣುಕಿ, ಅಷ್ಟೊಂದು ಕರಿ ಮುಖಗಳನ್ನು ಕಂಡು, ಹ್ಯಾಟು ತೆಗೆದು, “ಇದು ಬಾಸ್ಕಮ್‌ಗಳ ಕೂಟ ತಾನೇ? ಡೇಲ್ ಬರ್ತಾನೆ ಅಂದ್ರು,” ಎಂದ. ನೀಲಿ ಶರ್ಟುಗಳ ಪೆಟ್ಟಿಗೆ ಖಾಲಿಯಾಗುತ್ತಾ ಬಂತು. ವೆಂಡೆಲ್‌ಗೆ ಸಿಕ್ಕಿದ್ದು ಹೊಕ್ಕುಳಿನವರೆಗೆ ಮಾತ್ರ ಬರುತ್ತಿತ್ತು.

ಎಲ್ಲರಿಗಿಂತ ಕೊನೆಗೆ ಅಲಬಾಮಾದಿಂದ ಟೆನ್ನಿ ಬಾಸ್ಕಮ್ ಬಂದಳು. ತೊಂಬತ್ತು ದಾಟಿದ ಸಣ್ಣ ಜೀವ. ಮೊಮ್ಮಗಳು ಕಾರು ನಿಲ್ಲಿಸಿ ಬಾಗಿಲು ತೆಗೆದರೆ, ತೊಡೆಯ ಮೇಲೆ ಐಸಿನಲ್ಲಿ ಹುಗಿದ ದೊಡ್ಡ ಬಟ್ಟಲೊಂದನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದಳು.

“ಆಲೂಗಡ್ಡೆ ಸಲಾಡ್,” ಎಂದಳು. “ಬಾಸ್ಕಮ್‌ಗಳಲ್ಲಿ ನಾನೇ ಮಾಡೋದು. ಬೇರೆ ಯಾರಾದ್ರೂ ತಂದಿದ್ರೆ ಈಗ್ಲೇ ಹೇಳ್ಬಿಡಿ, ವಾಪಸ್ ಹೋಗ್ತೀನಿ.”

ಯಾರೂ ತಂದಿರಲಿಲ್ಲ. ಎದುರಿನ ಮರದ ಕೆಳಗೆ ಬೀಸಣಿಗೆ ನಿಂತುಹೋದದ್ದನ್ನು ವರ್ನೆಟ್ಟಾ ಕಂಡಳು.

ಇಷ್ಟು ಹೊತ್ತಿಗೆ ಬ್ಯಾಂಡು ಆ ಹಾಡನ್ನು ನಾಲ್ಕು ಸಲ ಬಾರಿಸಿ ಸುಸ್ತಾಗಿತ್ತು. ಲೆಮ್ ಬೆಂಚು ಹತ್ತಿ ನಿಂತ.

“ಎಲ್ಲಾ ಸರಿಯಪ್ಪಾ ಎಲ್ಲಿಸ್. ಕಾಲ್ವಿನ್ ಎಲ್ಲಿ?”

ಅಷ್ಟೂ ನೀಲಿ ಶರ್ಟುಗಳು ತಿರುಗಿ ಎಲ್ಲಿಸ್‌ನನ್ನು ನೋಡಿದವು. ಮರದ ಕೆಳಗಿನ ಹಳದಿ ಶರ್ಟುಗಳು ಎದ್ದು ನಿಂತವು. ಎಲ್ಲಿಸ್ ಸುಮ್ಮನೆ ಇನ್ನೊಂದು ಸುಳ್ಳು ಹೇಳಬಹುದಿತ್ತು. ಆದರೆ ತನ್ನ ಹೆಸರು ಬರೆದ ಶರ್ಟು ತೊಟ್ಟ ಇಷ್ಟೊಂದು ಜನರ ಮುಖ ನೋಡಿದಾಗ ಅವನಿಗೆ ಮನಸ್ಸಾಗಲಿಲ್ಲ.

“ಬರಲ್ಲ,” ಎಂದ. “ಕಾಲ್ವಿನ್ ನಂಗೆ ಯಾರೂ ಅಲ್ಲ. ಓರಾ ಲೀನೂ ಅಲ್ಲ, ಡೇಲೂ ಅಲ್ಲ. ಒಬ್ರನ್ನೂ ಕಂಡೋನಲ್ಲ. ನಂಗೆ ಯಾರೂ ಇಲ್ಲ. ಅದಕ್ಕೇ ಹಂಗಂದೆ. ದೂರದಿಂದ ಬಂದಿದೀರಿ, ತಪ್ಪಾಯ್ತು. ಕೋಳಿ ಆದ್ರೂ ತಿನ್ಕೊಂಡು ಹೋಗಿ.”

ಡ್ವೈಟ್ ಹತ್ತಿರ ಬಂದ.

“ಹಂಗಾದ್ರೆ ನಿನಗೂ ಗೊತ್ತಿಲ್ವಾ? ನೀನು ಹತ್ರದೋನು, ನಿನ್ನ ಮೂಲಕ ನಾನೂ ಹತ್ರ ಆಗ್ತೀನಿ ಅಂದ್ಕೊಂಡಿದ್ದೆ ಕಣಣ್ಣಾ.”

“ನಿಜವಾದ ನೆಂಟರು ನೀವು ಅಂದ್ಕೊಂಡಿದ್ದೆ ನಾನು,” ಎಂದಳು ಮೇಕನ್‌ನ ಮೇಡಂ ವೆಂಡೆಲ್ ಕಡೆ ತಿರುಗಿ.

“ನಾನಾ? ಟ್ರ್ಯಾಕ್ಟರ್ ಮಾರೋದಕ್ಕೆ ಅನುಕೂಲ ಆಗತ್ತೆ ಅಂತ ಹೇಳ್ಕೊಂಡು ಬಂದೆ ತಾಯಿ,” ಎಂದ ವೆಂಡೆಲ್. “ಡೇಲ್ ಹೆಸರಲ್ಲಿ ಎರಡು ಮಾರಿದೀನಿ.”

ಹೀಗೆ ಒಬ್ಬೊಬ್ಬರದೂ ಹೊರಬಂತು. ಅಲ್ಲಿ ಸೇರಿದ್ದ ಅಷ್ಟು ಬಾಸ್ಕಮ್‌ಗಳಲ್ಲಿ ಆ ಮೂವರಿಗೆ ನೆಂಟರಾದವರು ಒಬ್ಬರೂ ಇರಲಿಲ್ಲ, ನೆಂಟರೆಂದು ಹೇಳಿಕೊಳ್ಳದವರೂ ಒಬ್ಬರಿರಲಿಲ್ಲ. ರಕ್ತಸಂಬಂಧಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಏನು ಬೇಕೆಂದು ಲೆಮ್ ಕೇಳಿದ್ದು ನ್ಯಾಯವೇ.

ನೆರಳಿನ ಕುರ್ಚಿಯಿಂದ ಟೆನ್ನಿ ಮಾತ್ರ ವೆಂಡೆಲ್‌ನನ್ನು ಬೆರಳಾಡಿಸಿ ಕರೆದಳು.

“ನಿಮ್ಮೋರದ್ದು ಹತ್ತಿ ತೋಟ ಇತ್ತಲ್ವೇನಪ್ಪಾ, ಹಿಂದೆ?”

“ಇತ್ತಮ್ಮ.”

“ನಮ್ಮ ಮುತ್ತಜ್ಜೀನ ಬಾಸ್ಕಮ್ ಅನ್ನೋರ ತೋಟದಲ್ಲೇ ಗುಲಾಮಳಾಗಿ ಇಟ್ಕೊಂಡಿದ್ರು. ಹೆಸರು ಹೆಂಗೆ ನಮ್ಮಿಬ್ರಿಗೂ ಬಂತು ಅಂತ ಗೊತ್ತಾ?”

ವೆಂಡೆಲ್ ಹ್ಯಾಟನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. “ಗೊತ್ತಮ್ಮ,” ಎಂದ.

“ಗೊತ್ತಿದ್ರೆ ಒಳ್ಳೇದು. ಆ ಬೆಂಚುಗಳನ್ನೆಲ್ಲ ನೆರಳಿಗೆ ತಂದು ಹಾಕು. ನಿಂತಿದಾರೆ ಜನ.”

ವೆಂಡೆಲ್ ತಂದು ಹಾಕಿದ. ಆ ಮಧ್ಯಾಹ್ನವೆಲ್ಲ ತಂದು ಹಾಕುತ್ತಲೇ ಇದ್ದ, ಯಾರೂ ಸಾಕು ಅನ್ನಲಿಲ್ಲ, ಅವನೂ ಸಾಕೆ ಎಂದು ಕೇಳಲಿಲ್ಲ. ಪಿಟೀಲು ಹೊರಬಂದದ್ದು ಊಟವಾದ ಮೇಲೆ.

ಊಟ ಬಡಿಸುವ ಹೊತ್ತಿಗೆ ಮದರ್ ಪ್ರೂಯಿಟ್ ಬಿಸಿಲಿನಲ್ಲಿ ನಡೆದು ಬಂದಳು, ಹಿಂದೆ ಹಳದಿ ಸೈನ್ಯ. ಜನ ತಾವಾಗಿಯೇ ದಾರಿ ಬಿಟ್ಟರು. ಅವಳು ಯಾರ ಮುಖವನ್ನೂ ನೋಡದೆ ನೇರ ಆ ಬಟ್ಟಲಿನ ಮುಂದೆ ನಿಂತು, ಚಮಚ ತೆಗೆದುಕೊಂಡು, ಬಾಯಿಗಿಟ್ಟಳು. ಬ್ಯಾಂಡಿನ ಡೋಲಿನವನು ಕೂಡ ಉಸಿರು ಹಿಡಿದ. ಅವಳು ಇನ್ನೊಂದು ಚಮಚ ತಿಂದಳು.

“ಸಾಸಿವೆ ಜಾಸ್ತಿ ಆಯ್ತು,” ಎಂದು ಹೇಳಿ, ಟೆನ್ನಿಯ ಪಕ್ಕದ ಕುರ್ಚಿ ಎಳೆದು ಕೂತಳು. ಹಳದಿಯವರು ಅಪ್ಪಣೆಯಾಯಿತೆಂದು ತಿಳಿದು ನೀಲಿಯವರ ನಡುವೆ ನುಗ್ಗಿ ತಟ್ಟೆ ಹಿಡಿದರು.

ಕೂತ ಮೇಲೆ ಮದರ್ ಪ್ರೂಯಿಟ್‌ಳ ಬಾಯಿ ಬಿಚ್ಚಿತು. ಎಲ್ಲಿಸ್ ಎರಡೇ ಹೆಜ್ಜೆ ಆಚೆ ನಿಂತಿದ್ದ, ಎಲ್ಲ ಕೇಳಿಸುತ್ತಿತ್ತು.

“ಇಷ್ಟು ವರ್ಷದಿಂದ ಸಾಕ್ತಿದೀನಮ್ಮ ಇವನನ್ನ. ಪೆದ್ದ ಅಂತ ಗೊತ್ತಿತ್ತು, ಇಂಥ ಬುರುಡೆ ಬಿಡ್ತಾನೆ ಅಂತ ಗೊತ್ತಿರ್ಲಿಲ್ಲ. ಇಡೀ ಊರಿಗೆ ಟೋಪಿ ಹಾಕ್ದ. ಮೇಯರ್‌ಗೂ ಹಾಕ್ದ. ಯಾರ ಮನೆ ಬುದ್ಧಿ ಇದು?”

ಟೆನ್ನಿ ಚಮಚವನ್ನು ಕೆಳಗಿಟ್ಟಳು. ಎಲ್ಲಿಸ್‌ನನ್ನು ಅವಳು ಕಂಡದ್ದು ಅಂದು ಮಧ್ಯಾಹ್ನವೇ ಮೊದಲು. ಆದರೂ ಬೆನ್ನು ನೇರಮಾಡಿ ಕೂತು, ಇಡೀ ಮಂಟಪಕ್ಕೆ ಕೇಳುವ ಹಾಗೆ ಹೇಳಿದಳು:

“ನೋಡಮ್ಮಾ, ನಮ್ಮ ಹುಡುಗನ್ನ ಬೈಯೋದಕ್ಕೆ ನಾವಿದೀವಿ. ಚಿಕ್ಕೋನಿದ್ದಾಗಿಂದ್ಲೂ ಅವನು ಹಂಗೇ, ಬಾಯಿ ಬಿಟ್ರೆ ಬುರುಡೆ. ಎಷ್ಟು ಹೊಡೆದ್ರೂ ಬುದ್ಧಿ ಬರ್ಲಿಲ್ಲ.”

ವರ್ನೆಟ್ಟಾ ಗಂಡನ ಮುಖ ನೋಡಿದಳು. ಅಜ್ಜಿ ಬೇರೆ ಯಾರನ್ನೋ ನೆನೆಸಿಕೊಂಡು ಹೇಳಿದಳೋ, ಬೇಕೆಂದೇ ಹೇಳಿದಳೋ, ಎಲ್ಲಿಸ್ ವಿಚಾರಿಸಲು ಹೋಗಲಿಲ್ಲ. ಐವತ್ತೆಂಟು ವರ್ಷದಲ್ಲಿ ಅಪ್ಪನ ಕಡೆಯವರು ಅವನನ್ನು ಬೈದದ್ದು ಅದೇ ಮೊದಲು. ಅವನ ಕಣ್ಣು ತುಂಬಿಬಂತು.

“ಹೂಂ ದೊಡ್ಡಮ್ಮಾ, ಹೊಡೆದಿದ್ರಿ,” ಎಂದ.